ನಮ್ಮ ಬೂದು ಫಿಂಚ್ ಯಾಕೆ ಕಪ್ಪಾಗುತ್ತಿದೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಯಲ್ಲಿ ಒಂದು ಜೋಡಿ ಝೀಬ್ರಾ ಫಿಂಚ್ ಇವೆ. ತಂದು ಎರಡು ವರ್ಷವಾಯಿತು. ಎರಡೂ ಮಾಮೂಲಿ ಬೂದು ಬಣ್ಣದವು. ಐದಾರು ತಿಂಗಳಿಂದ ಗಂಡಿನ ಎದೆ, ಹೊಟ್ಟೆಯ ಮೇಲೆ ಕಪ್ಪು ಗರಿ ಬರುತ್ತಿವೆ, ಈಗ ತಲೆಯ ಮೇಲೂ ಶುರುವಾಗಿದೆ. ಹಾಡುತ್ತದೆ, ಚೆನ್ನಾಗಿ ತಿನ್ನುತ್ತದೆ. ಅಂಗಡಿಯವರು ಇದು ರೇರ್ ಮ್ಯುಟೇಶನ್, ಮೂರು ಸಾವಿರ ಕೊಡ್ತೀನಿ ಅಂದರು. ಗೆಳೆಯನೊಬ್ಬ ಲಿವರ್ ಹೋಗಿದೆ ಅಂತಾನೆ. ಪಕ್ಕದ ಮನೆಯವರು ಕ್ಯಾರೆಟ್, ಬೀಟ್‌ರೂಟ್ ತುರಿದು ಹಾಕಿ ಅನ್ನುತ್ತಾರೆ. ಇನ್ನೊಂದು ವಿಷಯ. ಈ ಸಲದ ನಾಲ್ಕು ಮರಿಗಳಲ್ಲಿ ಒಂದು ಹಾಲು ಹಾಕಿದ ಕಾಫಿ ಬಣ್ಣದ್ದು. ಪಂಜರದಲ್ಲಿ ಬೇರೆ ಗಂಡೇ ಇಲ್ಲ! ಐದು ಮೊಟ್ಟೆ ಇಟ್ಟಿತ್ತು, ಒಂದರ ಸಿಪ್ಪೆ ತೆಳುವಾಗಿದ್ದು ಒಡೆದುಹೋಯಿತು. ಪಂಜರ ಹಾಲ್‌ನಲ್ಲಿ, ಗಾಜಿನ ಕಿಟಕಿಯ ಪಕ್ಕ ಇದೆ. ಊಟಕ್ಕೆ ನವಣೆ ಮತ್ತು ಹುಚ್ಚೆಳ್ಳು. — ದಾವಣಗೆರೆಯ ಓದುಗರು

ಉತ್ತರ: ಮೊದಲು ಅಂಗಡಿಯವರ ಮಾತು ಮುಗಿಸಿಬಿಡೋಣ. ಎರಡು ವರ್ಷ ಬೂದು ಬಣ್ಣದಲ್ಲಿದ್ದ ಹಕ್ಕಿ ಆಮೇಲೆ ತೇಪೆ ತೇಪೆಯಾಗಿ ಕಪ್ಪಾದರೆ ಅದನ್ನು ನಾನು ಮ್ಯುಟೇಶನ್ ಅನ್ನುವುದಿಲ್ಲ. ಮ್ಯುಟೇಶನ್ ಅಂದರೆ ಜೀನ್‌ನಲ್ಲಾದ ಬದಲಾವಣೆ, ಅದು ಮೊಟ್ಟೆಯೊಳಗೇ ಬಂದಿರುತ್ತದೆ. ಮರಿಯ ಮೊದಲ ಪುಕ್ಕದಲ್ಲೋ, ಅದು ದೊಡ್ಡದಾಗಿ ಬಣ್ಣ ಕಟ್ಟುವಾಗಲೋ ಕಾಣಿಸಿಬಿಡುತ್ತದೆ. ಝೀಬ್ರಾ ಫಿಂಚ್‌ನಲ್ಲಿ ಬ್ಲ್ಯಾಕ್ ಬ್ರೆಸ್ಟ್, ಬ್ಲ್ಯಾಕ್ ಫೇಸ್ ಅಂತ ನಿಜವಾದ ಕಪ್ಪು ಮ್ಯುಟೇಶನ್‌ಗಳಿವೆ. ಆದರೆ ಅವುಗಳಲ್ಲಿ ಕಪ್ಪು ಒಂದು ಲೆಕ್ಕದಲ್ಲಿ ಇರುತ್ತದೆ, ಎಡಗಡೆ ಇದ್ದ ಹಾಗೆ ಬಲಗಡೆ. ನಿಮ್ಮದರ ಹಾಗೆ ಎದೆಯಲ್ಲೊಂದಿಷ್ಟು, ತಲೆಯಲ್ಲೊಂದಿಷ್ಟು ಅಲ್ಲ. ತಮಾಷೆ ಏನೆಂದರೆ, ನಿಮ್ಮ ಮನೆಯಲ್ಲಿ ನಿಜವಾದ ಮ್ಯುಟೇಶನ್ ಒಂದು ಇದೆ, ಅದು ಆ ಕಾಫಿ ಬಣ್ಣದ ಮರಿ. ಅಂಗಡಿಯವರು ತಪ್ಪು ಹಕ್ಕಿಗೆ ಬೆಲೆ ಕಟ್ಟಿದ್ದಾರೆ ಅಷ್ಟೆ. ಮರಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗಂಡಿನ ಕಪ್ಪಿಗೆ ಬರುವ ಮೊದಲು ಗರಿ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಇದು ಗೊತ್ತಿಲ್ಲದೆ ಜನ ಸುಮ್ನೆ ಬಾಟಲಿ ಟಾನಿಕ್‌ಗೆ ದುಡ್ಡು ಸುರಿಯುತ್ತಾರೆ. ಗರಿಯೂ ನಮ್ಮ ಉಗುರೂ ಒಂದೇ ಜಾತಿಯ ವಸ್ತು, ಕೆರಾಟಿನ್. ಬೆಳೆಯುವಾಗ ಮಾತ್ರ ಅದರ ಬುಡಕ್ಕೆ ರಕ್ತ ಹರಿಯುತ್ತದೆ, ಆಗಲೇ ಬಣ್ಣದ ಕಣಗಳು ಒಳಗೆ ಸೇರುತ್ತವೆ. ಬೆಳೆದು ಮುಗಿಯಿತೋ, ರಕ್ತ ನಿಂತಿತು, ಗರಿ ಸತ್ತ ಹಾಗೆ. ಆಮೇಲೆ ಹಕ್ಕಿಗೆ ಏನೇ ತಿನ್ನಿಸಿ, ಆ ಗರಿಯ ಬಣ್ಣ ಒಳಗಿನಿಂದ ಬದಲಾಗುವುದಿಲ್ಲ. ಹೊರಗಿನಿಂದ ಬದಲಾಗಬಹುದು. ಹೊಗೆ, ಎಣ್ಣೆ, ಬಿಸಿಲು, ಸವೆತ, ಬಣ್ಣ ಬಳಿಯುವ ಕೈ.

ಹಾಗಾಗಿ ಕಪ್ಪು ಗರಿ ನೋಡಿದಾಗ ನಾನು ಕೇಳುವ ಮೊದಲ ಪ್ರಶ್ನೆ "ಹಕ್ಕಿ ಈಗ ಏನು ತಿನ್ನುತ್ತಿದೆ" ಅಂತ ಅಲ್ಲ. "ಈ ಗರಿ ಮೊಳೆಯುವಾಗ ಏನು ತಿನ್ನುತ್ತಿತ್ತು, ಎಲ್ಲಿ ಕೂತಿತ್ತು" ಅಂತ. ಝೀಬ್ರಾ ಫಿಂಚ್‌ಗಳು ಗರಿಯನ್ನು ಒಂದೇ ಸಲ ಉದುರಿಸುವುದಿಲ್ಲ, ನಿಧಾನವಾಗಿ ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಹೋಗುತ್ತವೆ. ನಿಮ್ಮ ಹಕ್ಕಿ ತೇಪೆ ತೇಪೆಯಾಗಿ ಕಪ್ಪಾಗುತ್ತಿರುವುದು ಅದಕ್ಕೇ. ಯಾವ ಗರಿ ಹೊಸದಾಗಿ ಬಂತೋ ಅದು ಕಪ್ಪು, ಹಳೆಯದು ಇನ್ನೂ ಬೂದು.

ಇವತ್ತೇ ಒಂದು ಕೆಲಸ ಮಾಡಿ. ಪಂಜರದ ತಟ್ಟೆಯಲ್ಲಿ ಬಿದ್ದ ಒಂದು ಕಪ್ಪು ಗರಿ ಎತ್ತಿಕೊಳ್ಳಿ. ಹೊಟ್ಟೆಯದ್ದಾದರೆ ಚಿಕ್ಕ ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಿರುತ್ತದೆ, ಅಷ್ಟೆ. ಬುಡದ ತುಪ್ಪಳ ಬೂದು ಬಣ್ಣದ್ದಿರುತ್ತದೆ, ಅದು ಮಾಮೂಲಿ ಬೂದು ಫಿಂಚ್‌ಗೆ ಇದ್ದದ್ದೇ, ಅದನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಮೇಲಿನ ಚಪ್ಪಟೆ ಭಾಗ ನೋಡಿ. ಬಿಳಿ ಹಾಳೆಯ ಮೇಲಿಟ್ಟು, ಒದ್ದೆ ಹತ್ತಿಯಲ್ಲಿ ಒಂದು ತೊಟ್ಟು ಶಾಂಪೂ ಹಾಕಿ ಮೆತ್ತಗೆ ಒರೆಸಿ. ಹತ್ತಿ ಕಪ್ಪಾದರೆ ಅದು ಮಸಿ ಅಥವಾ ಜಿಡ್ಡು. ದಿನಾ ದೇವರ ಮನೆಯ ಊದುಬತ್ತಿ ಹೊಗೆಯೋ, ಅಡುಗೆಮನೆಯ ಒಗ್ಗರಣೆ ಹೊಗೆಯೋ ಪಂಜರದ ಕಡೆ ಬರುತ್ತಿದೆ ಅಂತ ಅರ್ಥ. ಹಾಗೇನಾದರೂ ಇದ್ದರೆ ಬಣ್ಣಕ್ಕಿಂತ ಹಕ್ಕಿಯ ಉಸಿರಿನ ಬಗ್ಗೆ ನನಗೆ ಜಾಸ್ತಿ ಚಿಂತೆ, ಪಂಜರವನ್ನು ತಕ್ಷಣ ಬೇರೆ ಕಡೆ ಇಡಿ. ಹತ್ತಿ ಬೆಳ್ಳಗೇ ಉಳಿದರೆ, ಉಳಿಯುತ್ತದೆ ಅಂತಲೇ ನನ್ನ ಅಂದಾಜು, ಕಪ್ಪು ಒಳಗಿನಿಂದ ಬಂದಿದೆ.

ಒಳಗಿನಿಂದ ಬಂದ ಕಪ್ಪಿಗೆ ಮೆಲನಿನ್ ಜಾಸ್ತಿಯಾಗಿದೆ ಅಂತ ಅರ್ಥ. ಹಕ್ಕಿಯ ಬಣ್ಣ ಬರುವುದು ಮೂರು ದಾರಿಯಲ್ಲಿ. ಒಂದು ಮೆಲನಿನ್, ಇದನ್ನು ಹಕ್ಕಿಯ ಮೈಯೇ ತಯಾರು ಮಾಡಿಕೊಳ್ಳುತ್ತದೆ. ಕಪ್ಪು, ಬೂದು ಎಲ್ಲ ಒಂದು ಬಗೆಯ ಮೆಲನಿನ್, ಇಟ್ಟಿಗೆ ಕಂದು ಇನ್ನೊಂದು ಬಗೆ. ಎರಡನೆಯದು ಕ್ಯಾರೊಟಿನಾಯ್ಡ್, ಹಳದಿ ಕೆಂಪಿನ ಕಡೆಯದು. ಇದನ್ನು ಹಕ್ಕಿ ಊಟದಿಂದಲೇ ಪಡೆಯಬೇಕು. ಮೂರನೆಯದು ಬಣ್ಣವೇ ಅಲ್ಲ, ಗರಿಯ ಒಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ನೀಲಿ ತೋರಿಸುತ್ತದೆ. ನಿಮ್ಮ ಗಂಡು ಝೀಬ್ರಾದ ಮೈಯಲ್ಲಿ ಕಿತ್ತಳೆ ಕೆನ್ನೆ ಇದೆಯಲ್ಲ, ಪಕ್ಕೆಯಲ್ಲಿ ಬಿಳಿ ಚುಕ್ಕೆಯ ಕಂದು ಇದೆಯಲ್ಲ, ಅದೆಲ್ಲ ಮೆಲನಿನ್ನೇ. ಕೆನ್ನೆ ಎಷ್ಟೇ ಕಿತ್ತಳೆಯಾಗಿ ಕಂಡರೂ ಅದು ಕ್ಯಾರೆಟ್ಟಿನ ಬಣ್ಣ ಅಲ್ಲ. ಊಟದ ಬಣ್ಣ ಸೇರುವುದು ಕೊಕ್ಕಿಗೆ ಮತ್ತು ಕಾಲಿಗೆ.

ಪಕ್ಕದ ಮನೆಯವರ ಸಲಹೆಗೆ ಉತ್ತರ ಅಲ್ಲೇ ಸಿಕ್ಕಿತು. ಕ್ಯಾರೆಟ್ ತುರಿ ಹಾಕಿ, ಒಳ್ಳೆಯದೇ, ಆದರೆ ಕಪ್ಪು ಗರಿಗೂ ಅದಕ್ಕೂ ಸಂಬಂಧವಿಲ್ಲ. ಬೀಟ್‌ರೂಟ್‌ನ ಕೆಂಪು ಅಂತೂ ಬೇರೆಯೇ ಜಾತಿಯದು, ಗರಿಗೆ ಹೋಗುವುದೇ ಇಲ್ಲ. ಅದು ಹಿಕ್ಕೆಯಲ್ಲಿ ಹೊರಗೆ ಬರುತ್ತದೆ. ಬೆಳಗ್ಗೆ ತಟ್ಟೆಯಲ್ಲಿ ಕೆಂಪು ಹಿಕ್ಕೆ ನೋಡಿ ರಕ್ತ ಹೋಗ್ತಿದೆ ಅಂತ ನೀವೇ ಗಾಬರಿಯಾಗಿ ನನಗೆ ಮತ್ತೆ ಬರೆಯುತ್ತೀರಿ.

ಊಟದಿಂದ ಫಿಂಚ್ ಕಪ್ಪಾಗುತ್ತದೆ ಅನ್ನುವುದು ಹೊಸ ಮಾತಲ್ಲ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಗಿಲ್ಬರ್ಟ್ ವೈಟ್ ಅಂತ ಒಬ್ಬ ಪಾದ್ರಿ ಇದ್ದ, ಹಕ್ಕಿ ಪಕ್ಷಿ ನೋಡುವುದರಲ್ಲಿ ಮಹಾ ಆಸಕ್ತ. ಪಂಜರದಲ್ಲಿ ಸಾಕಿದ್ದ ಒಂದು ಗಂಡು ಬುಲ್‌ಫಿಂಚ್ ಬಗ್ಗೆ ಆತ ಬರೆದಿಟ್ಟಿದ್ದಾನೆ. ಬುಲ್‌ಫಿಂಚ್ ಗಂಡಿಗೆ ಎದೆಯೆಲ್ಲ ಗುಲಾಬಿ ಕೆಂಪು. ಈ ಹಕ್ಕಿ ವರ್ಷದಲ್ಲಿ ಮಂಕಾಯಿತು, ವರ್ಷ ವರ್ಷ ಕಪ್ಪೇರಿತು, ನಾಲ್ಕು ವರ್ಷಕ್ಕೆ ಇದ್ದಿಲಿನ ಹಾಗಾಯಿತು. ಅದರ ಮುಖ್ಯ ಊಟ ಸೆಣಬಿನಂಥ ನಾರಿನ ಗಿಡವಾದ ಹೆಂಪ್‌ನ ಬೀಜ, ಅಂದರೆ ಗಾಂಜಾ ಜಾತಿಯ ಬೀಜ. ಎಣ್ಣೆ ತುಂಬಿದ ಬೀಜ ಅದು.

ನಿಮ್ಮ ಹುಚ್ಚೆಳ್ಳೂ ಎಣ್ಣೆಬೀಜವೇ. ಹುಚ್ಚೆಳ್ಳು ತಿಂದರೆ ಹಕ್ಕಿ ಕಪ್ಪಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ದಿನಾ ಬಟ್ಟಲು ತುಂಬ ಹಾಕಿದರೆ, ಚಿಕ್ಕ ಪಂಜರದಲ್ಲಿ ಹಾರಾಟವಿಲ್ಲದ ಹಕ್ಕಿಗೆ ಲಿವರ್‌ನಲ್ಲಿ ಕೊಬ್ಬು ಕೂರುತ್ತದೆ. ಲಿವರ್ ಕೆಟ್ಟರೆ ಗರಿಯ ಬಣ್ಣವೂ ಕೆಡುತ್ತದೆ, ಗಿಳಿಗಳಲ್ಲಿ ಹಸಿರು ಗರಿಯ ನಡುವೆ ಕಪ್ಪು ಬರುವುದನ್ನು ನಾವು ಆಗಾಗ ನೋಡುತ್ತೇವೆ. ನಿಮ್ಮ ಗೆಳೆಯ ಪೂರ್ತಿ ತಪ್ಪು ಹೇಳಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ನೀವು ಹೋಗ್ತಾ ಹೋಗ್ತಾ ಹೇಳಿದ ಆ ತೆಳು ಸಿಪ್ಪೆಯ ಮೊಟ್ಟೆ. ಸಿಪ್ಪೆ ತೆಳುವಾಗುವುದು ಕ್ಯಾಲ್ಸಿಯಂ ಸಾಲದೆ, ಅಥವಾ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದೆ. ಮೈಗೆ ಹತ್ತಿಸುವುದು ವಿಟಮಿನ್ ಡಿ3. ಕಾಳಿನಲ್ಲಿ ಡಿ3 ಇಲ್ಲ, ನವಣೆಯಲ್ಲೂ ಇಲ್ಲ, ಹುಚ್ಚೆಳ್ಳಲ್ಲೂ ಇಲ್ಲ. ಹಕ್ಕಿ ಅದನ್ನು ಬಿಸಿಲಿನಿಂದ ಮಾಡಿಕೊಳ್ಳಬೇಕು, ಕಾಲಿನಂಥ ಪುಕ್ಕವಿಲ್ಲದ ಚರ್ಮಕ್ಕೆ ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ. ನಿಮ್ಮ ಪಂಜರ ಕಿಟಕಿ ಪಕ್ಕ ಇದೆ, ಬೆಳಕು ಧಾರಾಳ, ಆದರೆ ನಡುವೆ ಗಾಜಿದೆ. ಬೇಕಾದ ಆ ಕಿರಣವನ್ನು ಗಾಜು ಹೆಚ್ಚುಕಡಿಮೆ ಪೂರ್ತಿ ತಡೆದುಬಿಡುತ್ತದೆ. ನಿಮಗೆ ಕಾಣುವುದು ಬಿಸಿಲು, ಹಕ್ಕಿಗೆ ಸಿಗುವುದು ಬರೀ ಬೆಳಕು. ಮನೆಯೊಳಗೇ ಬೆಳೆದ ಝೀಬ್ರಾ ಮತ್ತು ಅದರ ಹತ್ತಿರದ ಜಾತಿಯ ಚಿಕ್ಕ ಫಿಂಚ್‌ಗಳು ಹೀಗೆ ಕಪ್ಪಾಗುವುದು, ಹೊರಗಿನ ಗೂಡಿಗೆ ಬಿಟ್ಟು ಊಟ ಸರಿಮಾಡಿದ ಮೇಲೆ ಮುಂದಿನ ಪುಕ್ಕದಲ್ಲಿ ಹಳೆಯ ಬಣ್ಣಕ್ಕೆ ಮರಳುವುದು, ಇವನ್ನು ಸಾಕುವವರು ಬಹಳ ಕಾಲದಿಂದ ಕಂಡಿದ್ದಾರೆ. ನಾನೂ ಕಂಡಿದ್ದೇನೆ.

ಹಾಗಾದರೆ ಹೆಣ್ಣು ಯಾಕೆ ಕಪ್ಪಾಗಿಲ್ಲ ಅಂತ ನೀವು ಕೇಳಬಹುದು. ಒಂದೇ ಪಂಜರ, ಒಂದೇ ಬಟ್ಟಲು. ಬಟ್ಟಲು ಒಂದೇ ಆದರೂ ಊಟ ಒಂದೇ ಅಲ್ಲ. ಒಂದು ಬೆಳಗ್ಗೆ ಸುಮ್ನೆ ಹತ್ತು ನಿಮಿಷ ಕೂತು ನೋಡಿ, ಒಂದು ಹಕ್ಕಿ ಕಪ್ಪು ಹುಚ್ಚೆಳ್ಳನ್ನೇ ಹೆಕ್ಕಿ ಹೆಕ್ಕಿ ತಿನ್ನುತ್ತಿರುತ್ತದೆ, ಇನ್ನೊಂದು ನವಣೆಗೆ ಅಂಟಿಕೊಂಡಿರುತ್ತದೆ. ಮೈಗುಣವೂ ಒಂದೊಂದರದ್ದು ಒಂದೊಂದು ಥರ. ಆದರೂ ಒಂದೇ ಹಕ್ಕಿ ಕಪ್ಪಾದ ಕಾರಣಕ್ಕೆ ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟಿ ಲಿವರ್ ನೋಡದೆ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಅದನ್ನು ಅರ್ಧದಷ್ಟು ನೀವೇ ನೋಡಬಹುದು. ಸಂಜೆ ದೀಪ ಆರಿಸಿ, ಹಕ್ಕಿಯನ್ನು ಮೆಲ್ಲಗೆ ಹಿಡಿಯಿರಿ. ತಲೆ ನಿಮ್ಮ ತೋರುಬೆರಳು, ನಡುಬೆರಳಿನ ಮಧ್ಯೆ ಬರಲಿ, ಎದೆ ಮಾತ್ರ ಒತ್ತಬೇಡಿ. ಹಕ್ಕಿ ಉಸಿರಾಡುವುದೇ ಎದೆ ಏರಿಳಿಸಿ, ಒತ್ತಿದರೆ ಕೈಯಲ್ಲೇ ಹೋಗುತ್ತದೆ. ಅಂಗಾತ ಮಾಡಿ, ಹೊಟ್ಟೆಯ ಗರಿಗೆ ಬಾಯಿಂದ ಊದಿ. ಗರಿ ಪಕ್ಕಕ್ಕೆ ಸರಿದು ಚರ್ಮ ಕಾಣುತ್ತದೆ. ಫಿಂಚ್ ಚರ್ಮ ಎಷ್ಟು ತೆಳುವೆಂದರೆ ಒಳಗಿನದೆಲ್ಲ ಗಾಜಿನ ಹಿಂದೆ ಇಟ್ಟ ಹಾಗೆ ಕಾಣುತ್ತದೆ. ಎದೆಮೂಳೆ ಮುಗಿದ ಕೂಡಲೇ ಕೆಳಗೆ ಕಡುಗೆಂಪು ಅಂಚು ಹೊರಗೆ ಚಾಚಿದ ಹಾಗಿದ್ದರೆ ಲಿವರ್ ದೊಡ್ಡದಾಗಿದೆ. ಹೊಟ್ಟೆಯೆಲ್ಲ ಹಳದಿ ಬೆಣ್ಣೆ ಮೆತ್ತಿದ ಹಾಗಿದ್ದರೆ ಕೊಬ್ಬು. ಕೊಕ್ಕು ಉದ್ದುದ್ದ ಬೆಳೆದಿದೆಯಾ, ಹಿಕ್ಕೆಯ ಬಿಳಿ ಭಾಗ ಹಸಿರೋ ಹಳದಿಯೋ ಆಗಿದೆಯಾ, ಇವನ್ನೂ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದು ಡಬ್ಬಿಯೊಳಗೆ ಕೂರಿಸಿ ತೂಗಿ. ಝೀಬ್ರಾ ಫಿಂಚ್ ಸುಮಾರು 12 ಗ್ರಾಂ, ಅಂದರೆ ಹೆಚ್ಚುಕಡಿಮೆ ಎರಡು ಐದು ರೂಪಾಯಿ ನಾಣ್ಯದ ತೂಕ. ಸಾಕಿದ ತಳಿಗಳಲ್ಲಿ ಇನ್ನೂ ಸ್ವಲ್ಪ ದಪ್ಪನೆಯವೂ ಇರುತ್ತವೆ. ಒಂದು ಸಲದ ತೂಕಕ್ಕಿಂತ ವಾರ ವಾರದ ಏರಿಳಿತ ಬರೆದಿಟ್ಟರೆ ನನಗೆ ಜಾಸ್ತಿ ಉಪಯೋಗ. ಇವುಗಳಲ್ಲಿ ಯಾವುದಾದರೂ ಒಂದು ಸರಿಯಿಲ್ಲ ಅನ್ನಿಸಿದರೆ ಹಕ್ಕಿ ನೋಡಿ ಅಭ್ಯಾಸವಿರುವ ವೆಟ್ ಹತ್ತಿರ ಹೋಗಿ. ಹಸು ಎಮ್ಮೆ ನೋಡುವವರೇ ಸಿಗುವುದು ಜಾಸ್ತಿ, ಗೊತ್ತು, ಆದರೂ ಫೋನ್ ಮಾಡಿ ವಿಚಾರಿಸಿಕೊಂಡು ಹೋಗಿ.

ಈಗ ಬಿಸಿಲು. ಬೆಳಗಿನ ಎಳೆ ಬಿಸಿಲಲ್ಲಿ ಅರ್ಧ ಗಂಟೆ, ಗಾಜಿಲ್ಲದ ಕಡೆ, ಪಂಜರದ ಅರ್ಧ ಭಾಗಕ್ಕೆ ಬಟ್ಟೆ ಹೊದಿಸಿ. ಸೆಖೆಯಾದರೆ ಹಕ್ಕಿ ನೆರಳಿಗೆ ಸರಿಯಬೇಕು. ದಾವಣಗೆರೆಯ ಏಪ್ರಿಲ್ ಬಿಸಿಲು ನಿಮಗೆ ಹೇಳಬೇಕಾ, ಎಂಟೂವರೆಯ ಮೇಲೆ ಬೇಡ. ಮತ್ತೆ ಪಂಜರ ಬಿಟ್ಟು ಒಳಗೆ ಕಾಫಿ ಕುಡಿಯಲು ಹೋಗಬೇಡಿ. ಕಾಗೆ, ಬೆಕ್ಕು ಆ ಎರಡು ನಿಮಿಷಕ್ಕೇ ಕಾಯುತ್ತಿರುತ್ತವೆ.

ಊಟದಲ್ಲಿ ಹುಚ್ಚೆಳ್ಳು ಚಿಟಿಕೆಗೆ ಇಳಿಸಿ, ವಾರಕ್ಕೆ ಎರಡು ಸಲ ಸಾಕು. ನವಣೆಯ ಜೊತೆ ಸಾಮೆ, ಬರಗು ಬೆರೆಸಿ. ವಾರಕ್ಕೆ ಎರಡು ಮೂರು ದಿನ ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ಒಂದು ಟೀ ಚಮಚ ಕೊಡಿ, ಎರಡು ಗಂಟೆಯಾದ ಮೇಲೆ ಉಳಿದದ್ದು ತೆಗೆಯಿರಿ, ಹಳಸುತ್ತದೆ. ಹಳದಿ ಭಾಗದಲ್ಲಿ ಸ್ವಲ್ಪ ಡಿ3 ಇರುತ್ತದೆ. ಮೊಟ್ಟೆಯ ಸಿಪ್ಪೆ ಚೆನ್ನಾಗಿ ಕುದಿಸಿ ಒಣಗಿಸಿ ಪುಡಿಮಾಡಿ ಬೇರೆ ಬಟ್ಟಲಲ್ಲಿಡಿ, ಅಥವಾ ಕಟಲ್ ಬೋನ್, ಅಂದರೆ ಕಟಲ್ ಮೀನಿನ ಸುಣ್ಣದ ಚಿಪ್ಪು, ಸಿಕ್ಕಿಸಿ. ನುಗ್ಗೆ ಸೊಪ್ಪು, ಕೊತ್ತಂಬರಿ ಸೊಪ್ಪು ತೊಳೆದು ಕೊಡಿ. ಡಿ3 ಹನಿ ಔಷಧ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಕೇಳದೆ ಹಾಕಬೇಡಿ. 12 ಗ್ರಾಂ ಜೀವಕ್ಕೆ ಒಂದು ಹನಿ ಹೆಚ್ಚಾದರೂ ಹೆಚ್ಚೇ, ಕಿಡ್ನಿಯಲ್ಲಿ ಸುಣ್ಣ ಕಟ್ಟುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ನಾಳೆಯೇ ಬೂದು ಬಣ್ಣ ಬರುತ್ತದೆ ಅಂತ ಕಾಯಬೇಡಿ. ಈಗಿರುವ ಕಪ್ಪು ಗರಿ ಕಪ್ಪಾಗಿಯೇ ಇರುತ್ತದೆ, ಉದುರುವವರೆಗೆ. ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಕಾಯಲು ಆಗದಿದ್ದಾಗ ನಾನು ಕ್ಲಿನಿಕ್‌ನಲ್ಲಿ ಎದೆಯ ಒಂದೇ ಒಂದು ಕಪ್ಪು ಗರಿ ತೆಗೆಯುವುದುಂಟು. ತಾನಾಗಿ ಉದುರುವ ಗರಿಗೆ ಅದರದೇ ಕಾಲ ಬರಬೇಕು, ಕಿತ್ತ ಗರಿಯ ಜಾಗದಲ್ಲಿ ಮಾತ್ರ ಹೊಸದು ಕೂಡಲೇ ಶುರುವಾಗಿ ಮೂರು ನಾಲ್ಕು ವಾರದಲ್ಲಿ ಬಂದುಬಿಡುತ್ತದೆ. ಅದರ ಬಣ್ಣ ನೋಡಿದರೆ ಊಟ ಬದಲಿಸಿದ್ದು ಕೆಲಸ ಮಾಡಿತೋ ಇಲ್ಲವೋ ಗೊತ್ತಾಗುತ್ತದೆ. ನೀವು ಮನೆಯಲ್ಲಿ ಮಾಡಬೇಡಿ, ರೆಕ್ಕೆಯ ದೊಡ್ಡ ಗರಿ ಕಿತ್ತು ರಕ್ತ ಸುರಿಸಿಕೊಂಡು ಬಂದವರನ್ನು ನೋಡಿದ್ದೇನೆ.

ಬಣ್ಣ ಕೆಡುವ ಬೇರೆ ದಾರಿಗಳೂ ಇವೆ. ನಿಮಗೆ ಈಗ ಬೇಡವಾದರೂ ಇದನ್ನು ಓದುವ ಇನ್ನೊಬ್ಬರಿಗೆ ಬೇಕಾಗಬಹುದು. ಬಣ್ಣದ ಗರಿಯ ನಡುವೆ ಒಂದೆರಡು ಬಿಳಿ ಗರಿ ಬಂದರೆ, ಆ ಜಾಗಕ್ಕೆ ಹಿಂದೆ ಪೆಟ್ಟು ಬಿದ್ದಿತ್ತಾ ಅಂತ ನೆನಪಿಸಿಕೊಳ್ಳಿ. ಗರಿಯ ಬೇರಿನಲ್ಲಿ ಬಣ್ಣ ತುಂಬುವ ಜೀವಕೋಶ ಸತ್ತರೆ ಅಲ್ಲಿ ಬಿಳಿಯೇ ಬರುತ್ತದೆ, ಅದಕ್ಕೆ ಔಷಧವಿಲ್ಲ, ತೊಂದರೆಯೂ ಇಲ್ಲ. ವಯಸ್ಸಾದ ಹಕ್ಕಿಗೂ ನಮ್ಮ ಹಾಗೇ ಅಲ್ಲಲ್ಲಿ ನೆರೆಯುತ್ತದೆ. ಗರಿಯ ಅಡ್ಡಕ್ಕೆ ಪೇಲವ ಗೆರೆ ಬಂದಿದ್ದರೆ ಅದು ಬೆಳೆಯುವ ದಿನಗಳಲ್ಲಿ ಹಕ್ಕಿಗೆ ಕಾಯಿಲೆಯೋ ಉಪವಾಸವೋ ಭಯವೋ ಆಗಿತ್ತು. ಪ್ರೋಟೀನ್ ಕೊರತೆಯೂ ಗರಿಯಲ್ಲಿ ಕಾಣಿಸುತ್ತದೆ. ಕಂಚು ಬಣ್ಣದ ಟರ್ಕಿ ಕೋಳಿ ಮರಿಗಳಿಗೆ ಪ್ರೋಟೀನ್‌ನ ಒಂದು ಅಂಶವಾದ ಲೈಸಿನ್ ಕಡಿಮೆ ಮಾಡಿದಾಗ ರೆಕ್ಕೆಯಲ್ಲಿ ಬಿಳಿ ಪಟ್ಟೆ ಬಂದದ್ದು ಹಳೆಯ ಪಾಠ. ಕಾಳಿನಲ್ಲಿ ಕಡಿಮೆ ಇರುವುದೂ ಅದೇ ಲೈಸಿನ್. ಬರೀ ನವಣೆ ಸಾಲದು ಅನ್ನುವುದಕ್ಕೆ ಇದು ಇನ್ನೊಂದು ಕಾರಣ.

ಕೆಂಪು ಹಳದಿ ಬಣ್ಣದ ಹಕ್ಕಿಗಳಲ್ಲಿ ಕಥೆ ಉಲ್ಟಾ, ಅಲ್ಲಿ ಊಟವೇ ರಾಜ. ಅಮೆರಿಕದ ಹೌಸ್ ಫಿಂಚ್ ಗಂಡು ಕಾಡಿನಲ್ಲಿ ಕೆಂಪಗಿರುತ್ತದೆ. ಪಂಜರದಲ್ಲಿ ಬರೀ ಕಾಳು ಹಾಕಿ ಸಾಕಿದರೆ ಮುಂದಿನ ಪುಕ್ಕದಲ್ಲಿ ಪೇಲವ ಹಳದಿಗೆ ಇಳಿದುಬಿಡುತ್ತದೆ. ಆದರೆ ಕೆಂಪಾಗಲು ಊಟವೊಂದೇ ಸಾಲದು, ತಿಂದ ಹಳದಿಯನ್ನು ಕೆಂಪಾಗಿಸುವ ಜೀನ್ ಬೇಕು. 2016ರಲ್ಲಿ ವಿಜ್ಞಾನಿಗಳು ಆ ಜೀನ್ ಪತ್ತೆಮಾಡಿದರು, ಹೆಸರು ಸಿವೈಪಿ2ಜೆ19. ಕೆಂಪು ಕೆನರಿಯಲ್ಲೂ ಸಿಕ್ಕಿತು, ನಮ್ಮ ಝೀಬ್ರಾ ಫಿಂಚ್‌ನಲ್ಲೂ ಸಿಕ್ಕಿತು. ಝೀಬ್ರಾದಲ್ಲಿ ಹಳದಿ ಕೊಕ್ಕಿನ ಒಂದು ತಳಿ ಇದೆ, ಅದರಲ್ಲಿ ಈ ಜೀನ್ ಇರುವ ಭಾಗ ಕೆಟ್ಟಿರುತ್ತದೆ. ಅದಕ್ಕೆ ಎಷ್ಟು ಕ್ಯಾರೆಟ್ ತಿನ್ನಿಸಿದರೂ ಕೊಕ್ಕು ಕೆಂಪಾಗಲ್ಲ. ಮಾಮೂಲಿ ಗಂಡಿನ ಕೆಂಪು ಕೊಕ್ಕು ಇದ್ದಕ್ಕಿದ್ದ ಹಾಗೆ ಮಂಕಾದರೆ ಮಾತ್ರ ಗಮನ ಕೊಡಿ. ಗರಿ ತಿಂಗಳುಗಟ್ಟಲೆ ಹಿಂದಿನ ಸುದ್ದಿ ಹೇಳಿದರೆ ಕೊಕ್ಕು ಈ ವಾರದ ಸುದ್ದಿ ಹೇಳುತ್ತದೆ. ಸಾಲು ಸಾಲಾಗಿ ಮರಿ ಮಾಡಿ ಸುಸ್ತಾದ ಹಕ್ಕಿಯಲ್ಲೂ ಕೊಕ್ಕು ಬಿಳಿಚುತ್ತದೆ.

ಗೌಲ್ಡಿಯನ್ ಅನ್ನುವ ಬಣ್ಣಬಣ್ಣದ ಫಿಂಚ್ ಸಾಕುವವರು ನನಗೆ ಹೆಚ್ಚು ಕೇಳುವುದು, ಒಂದೇ ಗೂಡಿನಲ್ಲಿ ಕೆಂಪು ತಲೆಯೂ ಕಪ್ಪು ತಲೆಯೂ ಹೇಗೆ ಬಂತು ಅಂತ. ಅದು ಕಾಯಿಲೆ ಅಲ್ಲ. ಉತ್ತರ ಆಸ್ಟ್ರೇಲಿಯಾದ ಕಾಡಿನಲ್ಲೇ ಅವು ಹಾಗೆ ಇರುತ್ತವೆ, ಕಪ್ಪು ತಲೆಯವು ಜಾಸ್ತಿ, ಕೆಂಪು ಅದಕ್ಕಿಂತ ಕಡಿಮೆ, ಹಳದಿ ತಲೆ ಬಹಳ ಅಪರೂಪ. ಗೌಲ್ಡಿಯನ್ ಮರಿ ಮಂಕು ಹಸಿರಾಗಿರುವುದೂ ಸಹಜ, ಬಣ್ಣ ಬರಲು ತಿಂಗಳುಗಳು ಬೇಕು. ಎರಡು ತಿಂಗಳ ಮರಿ ತಂದು "ಡಾಕ್ಟ್ರೇ, ಮೋಸ ಹೋದೆ" ಅಂದವರಿದ್ದಾರೆ.

ನಿಜವಾದ ಮೋಸ ಬೇರೆ ಥರದ್ದು. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಫುಟ್‌ಪಾತ್ ಮೇಲೆ ಕೊಂಡ ನಾಲ್ಕು "ಫಾರಿನ್ ಫಿಂಚ್" ತಂದಿದ್ದ. ಎರಡು ಗಿಳಿಹಸಿರು, ಎರಡು ರಾಣಿ ಪಿಂಕ್. ಮೇಜಿನ ಮೇಲೆ ಸ್ಟೀಲ್ ಬಟ್ಟಲಲ್ಲಿ ನೀರಿಟ್ಟೆ. ಪಿಂಕ್ ಹಕ್ಕಿ ಇಳಿದು ರೆಕ್ಕೆ ಬಡಿದು ಸ್ನಾನ ಮಾಡಿತು, ನೀರು ಹೋಳಿ ಹಬ್ಬದ ಬಕೆಟ್ಟಿನ ಹಾಗಾಯಿತು. ರೆಕ್ಕೆ ಬಿಡಿಸಿ ನೋಡಿದರೆ ಬುಡದ ಚರ್ಮಕ್ಕೂ ಬಣ್ಣ ಹತ್ತಿತ್ತು, ಕಾಲಿನ ಉಗುರಿಗೂ. ಅವು ನಮ್ಮದೇ ಹೊಲದ ರಾಟವಾಳಗಳು. ಹಿಡಿದು ಅಗ್ಗದ ಬಟ್ಟೆ ಬಣ್ಣದಲ್ಲಿ ಅದ್ದಿ ಮಾರಿದ್ದರು. ರಾಟವಾಳ ನಮ್ಮ ದೇಶದ ಕಾಡುಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ. ಹುಡುಗನಿಗೆ ಅದು ಗೊತ್ತೇ ಇರಲಿಲ್ಲ, ಅತ್ತುಬಿಟ್ಟ. ಅರಣ್ಯ ಇಲಾಖೆಗೆ ತಿಳಿಸಿ ಹಕ್ಕಿ ಒಪ್ಪಿಸಿದೆವು. ಝೀಬ್ರಾ, ಗೌಲ್ಡಿಯನ್ ಆಸ್ಟ್ರೇಲಿಯಾ ಮೂಲದವು, ಪಂಜರದಲ್ಲೇ ತಲೆತಲಾಂತರ ಮರಿ ಮಾಡಿದವು, ಅವಕ್ಕೆ ಈ ಮಾತು ಬರುವುದಿಲ್ಲ. ಬೆಂಗಾಲೀಸ್ ಫಿಂಚ್ ಮಾತ್ರ ಒಂದು ಸ್ವಾರಸ್ಯ. ಅದರ ಮೂಲಜಾತಿ ಬಿಳಿ ಸೊಂಟದ ರಾಟವಾಳ ನಮ್ಮ ಪಶ್ಚಿಮಘಟ್ಟದಲ್ಲೂ ಇದೆ, ಆದರೆ ಸಾಕುಹಕ್ಕಿಯಾದದ್ದು ಜಪಾನಿನಲ್ಲಿ, ಹೆಸರಿನಲ್ಲಿ ಮಾತ್ರ ಬಂಗಾಳ.

ಇನ್ನು ನಿಮ್ಮ ಕಾಫಿ ಮರಿ. ಪಂಜರದಲ್ಲಿ ಬೇರೆ ಗಂಡಿಲ್ಲ ಅಂತ ಆಶ್ಚರ್ಯದ ಗುರುತು ಹಾಕಿದ್ದೀರಿ, ಹೆಣ್ಣಿನ ಮೇಲೆ ಅನುಮಾನ ಬೇಡ. ಆ ಬಣ್ಣಕ್ಕೆ ಫಾನ್ ಅನ್ನುತ್ತಾರೆ. ಕಪ್ಪು ಮೆಲನಿನ್ ಪೂರ್ತಿ ಕಪ್ಪಾಗದೆ ಕಂದಿಗೇ ನಿಂತುಬಿಡುತ್ತದೆ, ಹಾಗಾಗಿ ಬೂದು ಇರಬೇಕಾದ ಕಡೆಯೆಲ್ಲ ಕಾಫಿ. ಇದನ್ನು ತಂದದ್ದು ಅಪ್ಪ, ಅಂದರೆ ಈಗ ಕಪ್ಪಾಗುತ್ತಿರುವ ಅದೇ ಗಂಡು.

ಲೆಕ್ಕ ಹೀಗಿದೆ. ನಮ್ಮಲ್ಲಿ ಗಂಡಿಗೆ ಎಕ್ಸ್ ವೈ, ಹೆಣ್ಣಿಗೆ ಎಕ್ಸ್ ಎಕ್ಸ್ ಅಲ್ವಾ. ಹಕ್ಕಿಗಳಲ್ಲಿ ತಿರುವುಮುರುವು, ಗಂಡಿಗೆ ಝಡ್ ಝಡ್, ಹೆಣ್ಣಿಗೆ ಝಡ್ ಡಬ್ಲ್ಯು. ಫಾನ್ ಜೀನ್ ಕೂತಿರುವುದು ಝಡ್ ಮೇಲೆ. ಗಂಡಿಗೆ ಎರಡು ಝಡ್ ಇರುವುದರಿಂದ ಒಂದರಲ್ಲಿ ಫಾನ್ ಇದ್ದರೂ ಇನ್ನೊಂದು ಅದನ್ನು ಮುಚ್ಚಿಹಾಕುತ್ತದೆ, ಹಕ್ಕಿ ಬೂದಾಗಿಯೇ ಕಾಣುತ್ತದೆ. ಸಾಕುವವರು ಇದಕ್ಕೆ ಸ್ಪ್ಲಿಟ್ ಅನ್ನುತ್ತಾರೆ. ಹೆಣ್ಣಿಗೆ ಇರುವುದೇ ಒಂದು ಝಡ್, ಅದೂ ಅಪ್ಪನಿಂದ ಬಂದದ್ದು. ಅದರಲ್ಲಿ ಫಾನ್ ಇದ್ದರೆ ಮುಚ್ಚುವವರು ಯಾರೂ ಇಲ್ಲ. ನಿಮ್ಮ ಗಂಡು ಸ್ಪ್ಲಿಟ್ ಆಗಿದ್ದರೆ ಅದರ ಹೆಣ್ಣು ಮರಿಗಳಲ್ಲಿ ಸರಾಸರಿ ಅರ್ಧ ಫಾನ್ ಆಗುತ್ತವೆ, ಗಂಡು ಮರಿ ಒಂದೂ ಆಗುವುದಿಲ್ಲ. ನಿಮ್ಮ ಕಾಫಿ ಮರಿ ಹೆಣ್ಣು ಅಂತ ನೋಡದೆಯೇ ಹೇಳುತ್ತಿದ್ದೇನೆ.

ಗಂಡು ಹೆಣ್ಣಿನ ಗುರುತು ಮೈಯ ಪ್ರತಿ ಭಾಗದಲ್ಲೂ ಎಷ್ಟು ಆಳವಾಗಿ ಕೂತಿದೆ ಅನ್ನುವುದಕ್ಕೆ ಒಂದು ವಿಚಿತ್ರ ಉದಾಹರಣೆ ಇದೆ. 2003ರಲ್ಲಿ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ವಿಶ್ವವಿದ್ಯಾಲಯದವರು ಒಂದು ಝೀಬ್ರಾ ಫಿಂಚ್ ಬಗ್ಗೆ ವರದಿ ಮಾಡಿದರು. ಬಲ ಅರ್ಧ ಗಂಡಿನ ಪುಕ್ಕ, ಕಿತ್ತಳೆ ಕೆನ್ನೆ ಸಮೇತ. ಎಡ ಅರ್ಧ ಹೆಣ್ಣು. ನಡುವೆ ಗೆರೆ ಎಳೆದ ಹಾಗೆ, ನಮ್ಮ ಅರ್ಧನಾರೀಶ್ವರನ ಹಾಗೆ. ಎರಡೂ ಕಡೆ ಹರಿಯುವ ರಕ್ತ ಒಂದೇ, ಹಾರ್ಮೋನ್ ಒಂದೇ, ಆದರೂ ಜೀವಕೋಶದ ಝಡ್ ಡಬ್ಲ್ಯು ಲೆಕ್ಕ ಬೇರೆ ಇದ್ದುದರಿಂದ ಪುಕ್ಕ ಬೇರೆ. ಅಂಥದ್ದು ನಿಮ್ಮ ಮನೆಯಲ್ಲಿ ಹುಟ್ಟಿದರೆ ಅಂಗಡಿಯವರಿಗೆ ಹೇಳುವ ಮೊದಲು ನನಗೆ ಹೇಳಿ.

ಮರಿಯ ಕೊಕ್ಕು ಈಗ ಕಪ್ಪಗಿರಬೇಕು. ಎರಡು ತಿಂಗಳು ದಾಟುವ ಹೊತ್ತಿಗೆ ಬಣ್ಣ ಕಟ್ಟುತ್ತದೆ. ಆಗ ಕೆನ್ನೆ ನೋಡಿ, ಕಿತ್ತಳೆ ಬಾರದೆ ಖಾಲಿ ಇದ್ದು ಕೊಕ್ಕು ಕಿತ್ತಳೆಯಾದರೆ ಹೆಣ್ಣು. ಕೆನ್ನೆಯಲ್ಲಿ ಕಿತ್ತಳೆ ಬಂತು ಅಂದರೆ ನನ್ನ ಲೆಕ್ಕ ತಪ್ಪಿದೆ, ಅದು ಫಾನ್ ಅಲ್ಲ, ಫೋಟೋ ಕಳಿಸಿ. ಹಗಲು ಬೆಳಕಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ, ಪಕ್ಕದಲ್ಲಿ ಒಂದು ಬೂದು ಮರಿಯೂ ಇರಲಿ. ಹೆಣ್ಣಾದರೆ ಅದನ್ನು ಅಪ್ಪನ ಜೊತೆ ಜೋಡಿ ಮಾಡುವ ಆಸೆಗೆ ಹೋಗಬೇಡಿ, ಬೇರೆ ಕಡೆಯ ಗಂಡು ತನ್ನಿ. ಅಮ್ಮನಿಗೆ ಸದ್ಯಕ್ಕೆ ಮೊಟ್ಟೆ ಬೇಡ, ಗೂಡಿನ ಮಡಕೆ ಎರಡು ಮೂರು ತಿಂಗಳು ತೆಗೆದಿಡಿ. ತೆಳು ಸಿಪ್ಪೆ ಮತ್ತೆ ಬಂದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಹಕ್ಕಿಯೇ ಹೋಗಬಹುದು. ಗಂಡಿನ ಹೊಟ್ಟೆ ಊದಿ ನೋಡಿದಾಗ ಏನು ಕಂಡಿತು ಅಂತ ಮಾತ್ರ ಈ ವಾರವೇ ಬರೆಯಿರಿ.